ಮನೆಗೊಂದು ಕೈ

“ಉಸಿರು ಬಿಡಬೇಡಿ ಹೇಮಕ್ಕ, ಮೇಜು ಅದುರತ್ತೆ,” ಅಂದೆ.

ಎದುರುಮನೆಯ ಸೊಸೆ ಹೇಮಕ್ಕ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ಕಂಬದ ಹಾಗೆ ನಿಂತಳು. ನನ್ನ ಅಂಗಡಿಯ ಕರಿಕಲ್ಲಿನ ಮೇಜಿನ ಮೇಲೆ ಅವಳ ಹೊಸ ಯಂತ್ರ ಅಂಗಾತ ಮಲಗಿತ್ತು. ಎರಡೂ ಕೈಯಲ್ಲಿ ಹಿಡಿದುಕೊಳ್ಳುವಂಥದು. ನಡುವೆ ಗಾಜಿನ ಪರದೆ, ಆಚೀಚೆ ಗುಂಡಿಗಳು, ಹೆಬ್ಬೆರಳಿಗೆ ಒಂದೊಂದು ಪುಟ್ಟ ಕಡ್ಡಿ. ಮಾಡಿದವರು ಆಟಕ್ಕೆಂದೇ ಮಾಡಿದ ಕಂಪ್ಯೂಟರು. ಒಳಗೆ ಓಡುವುದು ಯಾರು ಬೇಕಾದರೂ ತಿದ್ದಬಹುದಾದ ಲಿನಕ್ಸ್ ತಂತ್ರಾಂಶವಾದ್ದರಿಂದ ನಮಗೆ ಬೇಕಾದ ಹಾಗೆ ಅದನ್ನು ಬಗ್ಗಿಸಿಕೊಳ್ಳಬಹುದು. ಈಗ ಅದರ ಹೊಟ್ಟೆಯೊಳಗಿನ, ವಾಲಿಕೆ ಅಳೆಯುವ ಗೈರೋ ಯಾವುದು ಸಮ, ಯಾವುದು ಓರೆ ಎಂದು ಕಲಿಯುತ್ತಿತ್ತು. ಕಲಿಯುವಾಗ ಅಲುಗಿದರೆ ಆಮೇಲೆ ಪರದೆಯ ಮೇಲಿನ ಬಾಣ ತಾನಾಗಿ ಒಂದು ಕಡೆಗೆ ಜಾರುತ್ತಲೇ ಇರುತ್ತದೆ, ಇಳಿಜಾರಿನಲ್ಲಿ ಬಿಟ್ಟ ನಿಂಬೆಹಣ್ಣಿನ ಹಾಗೆ.

“ಆಯ್ತು, ಎತ್ಕೊಳ್ಳಿ. ಬಲ ಹೆಬ್ಬೆರಳನ್ನ ಈ ಕಡ್ಡಿ ಮೇಲೆ ಸುಮ್ನೆ ಇಡಿ, ಒತ್ತಬೇಡಿ. ಬೆರಳು ಇರೋವರೆಗೂ ಅದು ನಿಮ್ಮ ಮಣಿಕಟ್ಟಿನ ಮಾತು ಕೇಳತ್ತೆ. ತೆಗೆದ್ರೆ ಕಿವುಡು.”

ಹೇಮಕ್ಕ ಯಂತ್ರವನ್ನು ವಾಲಿಸಿದಳು. ಬಾಣ ಪರದೆಯ ಅಂಚಿಗೆ ಓಡಿತು. “ಅಯ್ಯೋ, ಹೋಯ್ತು ಹೋಯ್ತು!”

“ಮೊರದಲ್ಲಿ ಅಕ್ಕಿ ಕೇರೋ ಹಾಗೆ ಮಾಡಬೇಡಿ. ತುಂಬಿದ ಸಾರಿನ ಪಾತ್ರೆ ಹಿಡ್ಕೊಂಡಿದೀನಿ ಅಂದ್ಕೊಳ್ಳಿ.”

ಅದು ಅವಳಿಗೆ ಅರ್ಥವಾಯಿತು. ಬಾಣ ಮೆಲ್ಲಗೆ ಇಳಿಯಿತು, ‘ಅಮ್ಮ’ ಎಂದು ಬರೆದಿದ್ದ ಕಡೆ ನಿಂತಿತು. ಅವಳು ಹಿಂದಿನ ಗುಂಡಿ ಒತ್ತಿದಳು. ಆ ಕಡೆಯಿಂದ “ಯಾರು?” ಎಂದು ಮುದಿದನಿಯೊಂದು ಕೇಳಿದಾಗ ಹೇಮಕ್ಕ ಯಂತ್ರವನ್ನು ಬಾಯಿಯ ಹತ್ತಿರಕ್ಕೆ ತಂದು “ನಾನೇ ಅಮ್ಮ” ಎಂದಳು. ಮದುವೆಯಾಗಿ ಬಂದಂದಿನಿಂದ ಅವಳು ತಾಯಿಯ ಜತೆ ಮಾತಾಡಬೇಕೆಂದರೆ ಮಾವ ಬಸಲಿಂಗಯ್ಯನವರ ಬೆರಳು ಬೇಕಾಗಿತ್ತು. ಅವರು ಫೋನಿನ ಗಾಜನ್ನು ಒತ್ತಿ ಕೊಡುವರು, ಕೊಟ್ಟು ಅಲ್ಲೇ ಹಲ್ಲುಕಡ್ಡಿ ಆಡಿಸುತ್ತಾ ನಿಂತಿರುವರು.

“ಮಾವನಿಗೆ ಹೇಳಬೇಡ ಕಣೆ ವಾರಿಜ,” ಎಂದಳು ಹೋಗುವಾಗ. “ಮಗು ಆಟದ ಡಬ್ಬಿ ಅಂತೀನಿ.”

ನಮ್ಮ ಊರಿನಲ್ಲಿ ಗಾಜು ಮನೆಗೊಂದು ಕೈಯನ್ನು ಮಾತ್ರ ಬಲ್ಲದು. ಫೋನುಗಳು ಬರುವ ಮೊದಲು ಇದರಿಂದ ಯಾರಿಗೂ ಅಂಥ ತೊಂದರೆಯಾಗಿರಲಿಲ್ಲ. ಕಿಟಕಿ ಒರೆಸಿದರೆ ಒಬ್ಬರ ಬೆರಳಚ್ಚು ಮಾತ್ರ ಉಳಿಯುತ್ತಿತ್ತು, ಉಳಿದವರದು ನೀರಿನ ಮೇಲೆ ಇಟ್ಟ ಹಾಗೆ. ಬೆರಳಚ್ಚು ಉಳಿಯುವವರನ್ನು ಮನೆಯ ಕೈ ಎನ್ನುತ್ತಿದ್ದರು, ಉಳಿದವರು ಬರಿಗೈ. ಮದುವೆಯಲ್ಲಿ ಮನೆಯ ಕೈಗೆ ಮೊದಲ ಎಲೆ, ಸಾವಿನಲ್ಲಿ ಮೊದಲ ಮಣ್ಣು, ಅಷ್ಟೇ. ಮುಟ್ಟಿದರೆ ಕೆಲಸ ಮಾಡುವ ಗಾಜು ಬಂದಮೇಲೆ ಊರು ತಲೆಕೆಳಗಾಯಿತು. ಜನ ತಮ್ಮ ತಮ್ಮ ಫೋನು ಹಿಡಿದುಕೊಂಡು ಮನೆಯ ಕೈಯ ಮುಂದೆ ಸಾಲು ನಿಲ್ಲುವಂತಾಯಿತು. “ಒಂದ್ ಸಲ ಒತ್ತಿ ಕೊಡ್ರೀ” ಎನ್ನುವುದು ನಮ್ಮ ಬೀದಿಯ ಸುಪ್ರಭಾತ. ಈ ಆಟದ ಯಂತ್ರಗಳನ್ನು ನಾನು ತರಿಸತೊಡಗಿದ ಮೇಲೆ ಬರಿಗೈಯವರು ಗುಂಡಿಯಲ್ಲಿ, ವಾಲಿಕೆಯಲ್ಲಿ ತಮ್ಮ ಕೆಲಸ ತಾವು ಮಾಡಿಕೊಳ್ಳಲು ಕಲಿತರು. ಸಂತೆಯಲ್ಲಿ ನಿಂತು ನೋಡಿ, ನಮ್ಮೂರ ಜನ ಮಾತಾಡುವಾಗಲೂ ಮಣಿಕಟ್ಟನ್ನು ಚೂರು ಓರೆ ಮಾಡುತ್ತಾರೆ. ಅದು ನನ್ನಿಂದ ಬಂದದ್ದು. ಅದರ ಬಗ್ಗೆ ನನಗೆ ಗುಟ್ಟಾದ ಜಂಬವೂ ಇತ್ತು.

ಮನೆಯ ಕೈಯಾದವರು ಬದುಕಿರುವಾಗಲೇ ಅದನ್ನು ಮನೆಯ ರಕ್ತದವರೊಬ್ಬರಿಗೆ ಒಪ್ಪಿಸಿಬಿಡಬೇಕು. ಒಪ್ಪಿಸದೆ ಸತ್ತರೆ ಅದು ಕೈ ತಪ್ಪಿದ ಮನೆ. ಮೂಲೆಮನೆಯ ಮುದ್ದಪ್ಪನವರದು ಹಾಗೆ ಆಗಿತ್ತು. ಅವರ ಮನೆಯ ಕನ್ನಡಿಯಲ್ಲಿ ಮಂಚ ಕಾಣುತ್ತದೆ, ಗೋಡೆಯ ಕ್ಯಾಲೆಂಡರ್ ಕಾಣುತ್ತದೆ, ಆ ಮನೆಯವರು ಕಾಣುವುದಿಲ್ಲ. ಬೇರೆ ಮನೆಯ ಕನ್ನಡಿಗೂ ಅವರು ಬೀಳುವುದಿಲ್ಲ, ಯಾವ ಕ್ಯಾಮೆರಾಕ್ಕೂ ಬೀಳುವುದಿಲ್ಲ. ಅವರು ರೂಢಿ ಮಾಡಿಕೊಂಡಿದ್ದಾರೆ. ಜಗಲಿಯಲ್ಲಿ ಕುಳಿತು ಒಬ್ಬರಿಗೊಬ್ಬರು ತಲೆ ಬಾಚುತ್ತಾರೆ, ಗಂಡಸರು ಒಬ್ಬರ ಮೀಸೆ ಒಬ್ಬರು ಕತ್ತರಿಸುತ್ತಾರೆ. ಅವರ ಮಗಳು ನೀಲಾ ಒಮ್ಮೆ ಅಂಗಡಿಗೆ ಬಂದವಳು ಬೇಕಾದ್ದನ್ನೆಲ್ಲ ಕೊಂಡ ಮೇಲೆ, ಬಾಗಿಲ ಹತ್ತಿರ ನಿಂತು, “ವಾರಿಜಕ್ಕ, ನಾನು ಯಾರ ಥರ ಇದೀನಿ?” ಎಂದು ಕೇಳಿದ್ದಳು. ನಿಮ್ಮಮ್ಮನ ಥರ ಎಂದೆ. ಅವಳು ಮನೆಗೆ ಹೋಗಿ ತಾಯಿಯ ಮುಖವನ್ನೇ ತುಂಬ ಹೊತ್ತು ನೋಡುತ್ತಾ ಕುಳಿತಿದ್ದಳಂತೆ.

ನಮ್ಮ ಮನೆಯ ಕೈ ಭಾಗತ್ತೆ. ಅಪ್ಪನ ಅಕ್ಕ. ಅಪ್ಪ ಅಮ್ಮ ಹೋದಮೇಲೆ ನನ್ನನ್ನೂ ಅಣ್ಣ ಚಿದಂಬರನನ್ನೂ ಸಾಕಿದವಳು. ಅವಳು ಹುಟ್ಟಾ ಎಡಚಿ. ಹುಡುಗಿಯಾಗಿದ್ದಾಗ ಎಡಗೈಯಲ್ಲಿ ಹೆಣೆದ ಕಸೂತಿಯ ಗಿಳಿಯೊಂದು ಈಗಲೂ ನಮ್ಮ ನಡುಮನೆಯಲ್ಲಿ ಚೌಕಟ್ಟಿನೊಳಗೆ ಕೂತಿದೆ. ಅಜ್ಜಿ ಇದ್ದಕ್ಕಿದ್ದ ಹಾಗೆ ಮಲಗಿ, ಕೈಯನ್ನು ಅವಳಿಗೆ ಒಪ್ಪಿಸಿದ ಮೇಲೆ ಅತ್ತೆ ಬಲಗೈಯವಳಾದಳು. ಸೂಜಿ ಮುಟ್ಟಲಿಲ್ಲ. ಅದೇ ವರ್ಷ ಪಕ್ಕದ ಊರಿನಿಂದ ಹೆಣ್ಣು ನೋಡಲು ಬಂದವರು, ಅವಳು ತಂದುಕೊಟ್ಟ ಹಾಲಿನ ಗಾಜಿನ ಲೋಟದ ಮೇಲೆ ಐದು ಬೆರಳಚ್ಚು ಮೂಡಿದ್ದು ನೋಡಿ, ಹಾಲು ಕುಡಿಯದೆ ಎದ್ದು ಹೋದರು. ಕೈ ಊರಿನ ಗಡಿ ದಾಟುವುದಿಲ್ಲ. ಎಲ್ಲರಿಗೂ ಗೊತ್ತಿರುವ ವಿಷಯ. ಅತ್ತೆ ಆ ಲೋಟವನ್ನು ತೊಳೆದಿಟ್ಟು ಒಲೆ ಮುಂದೆ ಕುಳಿತಳಂತೆ, ಅಷ್ಟೇ.

ಇನ್ನೊಂದು ವಿಷಯವಿದೆ, ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮನೆಯ ಕೈಗಳು ನಿದ್ದೆಯಲ್ಲಿ ಗೀಚುತ್ತವೆ. ತೋರುಬೆರಳು ಹಾಸಿಗೆಯ ಮೇಲೆ ತಾನಾಗಿಯೇ ಓಡಾಡುತ್ತದೆ. ಒಂದೊಂದು ಮನೆಯದು ಒಂದೊಂದು ಗೀಟು. ನಮ್ಮ ಮನೆಯದು ಒಂದು ಸುತ್ತು, ಆಮೇಲೆ ಮೂರು ಸಲ ತಟ್ಟುವುದು. ಅಜ್ಜಿಯೂ ಹಾಗೇ ಮಾಡುತ್ತಿದ್ದಳಂತೆ, ಅವಳಿಗಿಂತ ಹಿಂದಿನವರೂ. ಅತ್ತೆಯ ಪಕ್ಕ ಮಲಗಿ ಬೆಳೆದ ನಾನು ಆ ಮೂರು ತಟ್ಟು ಕೇಳುತ್ತಾ ನಿದ್ದೆ ಹೋಗುತ್ತಿದ್ದೆ. ಅದು ಜೋಗುಳವೆಂದೇ ಅಂದುಕೊಂಡಿದ್ದೆ.

ಹೇಮಕ್ಕನನ್ನು ಕಳಿಸಿ ಮೇಜು ಒರೆಸುತ್ತಿದ್ದೆ. ಅಣ್ಣ ಓಡಿಬಂದ. ಅವನು ಲಾರಿ ಓಡಿಸುವವನು, ಓಡುವುದು ಅವನ ಅಭ್ಯಾಸವಲ್ಲ. “ಅತ್ತೆ ಬಚ್ಚಲಲ್ಲಿ ಬಿದ್ಲು. ಬಲಗಡೆ ಪೂರ್ತಿ ಹೋಗಿದೆ. ಬಾ.”

ಡಾಕ್ಟರು ಬಂದು, ನೋಡಿ, ಮಾತು ನಿಂತಿಲ್ಲ, ಅದೇ ಪುಣ್ಯ ಎಂದರು. ಬಲಗೈ ಇನ್ನು ಏಳುವುದಿಲ್ಲ, ಇನ್ನೊಂದು ಸಲ ಲಕ್ವ ಹೊಡೆದರೆ ಮನುಷ್ಯರೇ ಏಳುವುದಿಲ್ಲ. ಅತ್ತೆಯ ಬಲಗೈ ಹಾಸಿಗೆಯ ಮೇಲೆ ಒಗೆದು ಹಾಕಿದ ಬಟ್ಟೆಯ ಹಾಗೆ ಬಿದ್ದಿತ್ತು. ಅಣ್ಣ ಅದನ್ನೇ ನೋಡುತ್ತಿದ್ದ. ಡಾಕ್ಟರು ಹೋದಮೇಲೆ ಅವನು ಜೇಬಿನಿಂದ ಫೋನು ತೆಗೆದು ಆ ಕೈಯ ಹತ್ತಿರ ಹಿಡಿದ. ತೋರುಬೆರಳು ಎದ್ದಿತು. ಉಳಿದ ಕೈ ಸತ್ತಂತೆ ಮಲಗಿತ್ತು, ಆ ಬೆರಳೊಂದು ಹಾವಿನ ಹೆಡೆಯ ಹಾಗೆ ಎದ್ದು ಗಾಜನ್ನು ಹುಡುಕಿಕೊಂಡು ಹೋಯಿತು. ಫೋನು ತೆರೆದುಕೊಂಡಿತು.

“ಇದೆ,” ಎಂದು ಅಣ್ಣ ಉಸಿರುಬಿಟ್ಟ. “ಇನ್ನೂ ಇದೆ.”

ಅತ್ತೆ ಕಣ್ಣು ಮುಚ್ಚಿಕೊಂಡಳು.

ಅವನು ನನ್ನನ್ನು ಅಡಿಗೆಮನೆಗೆ ಕರೆದ. ಅತ್ತಿಗೆ ಸುಕನ್ಯ ಮಗು ಚಿನ್ನಿಗೆ ರಾಗಿ ಸರಿ ತಿನ್ನಿಸುತ್ತಿದ್ದಳು. “ನೋಡು ವಾರಿ, ನನ್ನ ಕೆಲಸ ಊರೂರು ಸುತ್ತೋದು, ನನಗೆ ಕೊಟ್ರೆ ಕೈ ಗಡಿ ಹತ್ರ ನನ್ನನ್ನ ಲಾರಿಯಿಂದ ಇಳಿಸಿಬಿಡತ್ತೆ. ಇವಳು ಬೇರೆ ಮನೆ ರಕ್ತ. ಚಿನ್ನಿಗೆ ಇನ್ನೂ ಹಲ್ಲೇ ಬಂದಿಲ್ಲ. ಉಳಿದೋಳು ನೀನು.”

“ನನಗೆ ಅಂಗಡಿ ಇದೆಯಲ್ಲೋ.”

“ಅಂಗಡಿಗೇನಾಗತ್ತೆ? ಇನ್ನೂ ಒಳ್ಳೇದೇ. ಎಲ್ಲ ಫೋನೂ ನೀನೇ ತೆಗೀಬಹುದು.”

“ಮನೆಯ ಕೈ ಆದವರು ಯಂತ್ರ ವಾಲಿಸಿದ್ದನ್ನ ನೀನು ನೋಡಿದೀಯಾ?”

ಅವನು ಯೋಚಿಸಿದ. ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಬಸಲಿಂಗಯ್ಯನವರು ಒಮ್ಮೆ ತಮಾಷೆಗೆಂದು ಅಂಗಡಿಯಲ್ಲಿ ಹಿಡಿದು ನೋಡಿದ್ದರು. ಅವರ ಎರಡು ಮಣಿಕಟ್ಟೂ ಮರದಲ್ಲಿ ಕೆತ್ತಿದ ಹಾಗೆ ನಿಂತಿದ್ದವು, ಬಾಣ ಒಂದು ಎಳ್ಳಿನಷ್ಟೂ ಕದಲಿರಲಿಲ್ಲ. “ಹೆಂಗಸರಾಟ,” ಎಂದು ಇಟ್ಟು ಹೋಗಿದ್ದರು. ಅದನ್ನೆಲ್ಲ ಅಣ್ಣನಿಗೆ ಹೇಳಲು ಹೊರಟೆ. ಅಷ್ಟರಲ್ಲಿ ಅತ್ತಿಗೆ ಮಗುವನ್ನೆತ್ತಿಕೊಂಡು ನಡುಮನೆಯ ನಿಲುಗನ್ನಡಿಯ ಮುಂದೆ ಹೋಗಿ ನಿಂತಳು. ಚಿನ್ನಿ ಕನ್ನಡಿಯೊಳಗಿನ ಚಿನ್ನಿಯನ್ನು ಕಂಡು ಕೇಕೆ ಹಾಕಿತು, ಸರಿ ಮೆತ್ತಿದ ಅಂಗೈಯಿಂದ ಅದರ ಕೆನ್ನೆ ಬಡಿಯಿತು. ಗಾಜಿನ ಮೇಲೆ ಕಲೆ ಉಳಿಯಲಿಲ್ಲ. ಅತ್ತಿಗೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಾತಾಡಿದ್ದರೆ ನಾನು ಜಗಳವಾಡುತ್ತಿದ್ದೆ.

ಅಮಾವಾಸ್ಯೆ ಕಳೆಯಲಿ, ಆಮೇಲೆ ಒಪ್ಪಿಸುವ ಕಾರ್ಯ ಎಂದು ಬಸಲಿಂಗಯ್ಯನವರು ದಿನ ನೋಡಿಕೊಟ್ಟರು. ಅಲ್ಲಿಯವರೆಗೆ ಅತ್ತೆಗೆ ಹೊತ್ತು ಹೋಗಲಿ ಎಂದು ನಾನು ಒಂದು ಯಂತ್ರ ತಂದೆ. ನಿಜ ಹೇಳಬೇಕೆಂದರೆ ಅವಳ ಮುಂದೆ ಸುಮ್ಮನೆ ಕುಳಿತಿರಲು ನನಗೆ ಆಗುತ್ತಿರಲಿಲ್ಲ.

“ನನಗ್ಯಾಕೆ ಇದು, ಮಕ್ಕಳಾಟ,” ಎಂದಳು. ನಾಲಗೆ ಸ್ವಲ್ಪ ತೊದಲುತ್ತಿತ್ತು.

“ಹರಿಗೋಲು ಆಟ ಅತ್ತೆ. ನದಿ ಇದೆ, ನೀನು ಹರಿಗೋಲು ನಡೆಸಬೇಕು. ಎಡಕ್ಕೆ ವಾಲಿಸಿದ್ರೆ ಎಡಕ್ಕೆ. ನಿನ್ನ ಎಡಗೈ ಗಟ್ಟಿಯಾಗೇ ಇದೆಯಲ್ಲ.”

“ಎಡಗೈ,” ಎಂದಳು, ಮರೆತುಹೋದ ನೆಂಟರ ಹೆಸರು ಹೇಳುವ ಹಾಗೆ.

ಅವಳಿಗೆಂದು ಎಲ್ಲ ಹೊಂದಿಸಿದೆ. ಎಡ ಹೆಬ್ಬೆರಳು ಎಡದ ಕಡ್ಡಿಯ ಮೇಲೆ ಇದ್ದಾಗ ಮಾತ್ರ ಗೈರೋ ಎದ್ದಿರಲಿ. ಕೈ ನಡುಗುತ್ತದೆ, ಆದ್ದರಿಂದ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಇರಲಿ. ದೊಡ್ಡ ವಾಲಿಕೆಗೂ ಹರಿಗೋಲು ನಿಧಾನವಾಗಿ ತಿರುಗಲಿ. ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಯಂತ್ರ, ಭಾರ ತಾಳಲಿ ಎಂದು ಬಲಗೈಯನ್ನು ಎತ್ತಿ ಪಕ್ಕದಲ್ಲಿ ಒರಗಿಸಿದೆ. ಅತ್ತೆ ಎಡಗೈ ವಾಲಿಸಿದಳು. ಹರಿಗೋಲು ಒಂದು ಬಂಡೆಯನ್ನು ಬಳಸಿ ಮುಂದೆ ಹೋಯಿತು. ಅವಳ ಬಾಯಿ ತೆರೆಯಿತು. ಅಷ್ಟರಲ್ಲಿ ಹರಿಗೋಲು ಗಕ್ಕನೆ ಬಲಕ್ಕೆ ತಿರುಗಿ ಸುಳಿಯೊಳಗೆ ನುಗ್ಗಿ ಮುಳುಗಿತು.

“ನೀನು ಬಲಕ್ಕೆ ವಾಲಿಸಿದೆ ಅತ್ತೆ.”

“ಇಲ್ಲ. ನಾನಲ್ಲ.”

ಮತ್ತೆ ಶುರು ಮಾಡಿದೆವು. ಮತ್ತೆ ಸುಳಿ. ಆಗ ನೋಡಿದೆ, ಬಲಗೈಯ ತೋರುಬೆರಳು ಯಂತ್ರದ ಅಂಚು ದಾಟಿ ಗಾಜಿನ ಮೇಲೆ ತೆವಳಿತ್ತು. ತಪ್ಪು ನನ್ನದು. ಪರದೆಯನ್ನು ಮುಟ್ಟಿ ಆಡಿಸುವ ಆಯ್ಕೆ ಯಂತ್ರದಲ್ಲಿ ಮೊದಲಿನಿಂದಲೇ ತೆರೆದಿರುತ್ತದೆ. ಅದನ್ನು ಮುಚ್ಚುವ ಯೋಚನೆ ನನಗೆ ಯಾವತ್ತೂ ಬಂದಿರಲಿಲ್ಲ. ನಾನು ಬರಿಗೈ, ನನ್ನ ಗಿರಾಕಿಗಳೆಲ್ಲ ಬರಿಗೈ, ನಾವು ಆ ಗಾಜಿನ ಮೇಲೆ ಮೊಣಕೈ ಊರಿ ಮಲಗಿದರೂ ಅದಕ್ಕೆ ಗೊತ್ತಾಗದು. ಬೇರೆ ಊರಿನವಳಾಗಿದ್ದರೆ ಅದನ್ನೇ ಮೊದಲು ನೋಡುತ್ತಿದ್ದಳು.

ಮುಚ್ಚುವ ಮುಂಚೆ ಗಾಜು ಸರಿಯಿದೆಯೋ ಎಂದು ಪರೀಕ್ಷೆಯ ಪುಟ ತೆರೆದೆ. ಅದು ಬರೀ ಕಪ್ಪು ಪುಟ. ಬೆರಳು ಎಲ್ಲಿ ಮುಟ್ಟಿತೋ ಅಲ್ಲಿ ಒಂದು ಬಿಳಿಯ ಚುಕ್ಕೆ ಮೂಡುತ್ತದೆ, ಅಷ್ಟೇ. ಅಂಗಡಿಯಲ್ಲಿ ನಾನು ಅದನ್ನು ತೆರೆದಾಗಲೆಲ್ಲ ಕಪ್ಪು ಕಪ್ಪಾಗಿಯೇ ಇರುತ್ತಿತ್ತು.

“ಅತ್ತೆ, ಆ ಬೆರಳನ್ನ ಸ್ವಲ್ಪ ಇಡು.”

ಬೆರಳು ಎದ್ದಿತು. ಅದು ಗಾಜಿನಿಂದ ಇನ್ನೂ ಗೇಣು ದೂರದಲ್ಲಿತ್ತು, ಆಗಲೇ ಚುಕ್ಕೆ ಮೂಡಿತು. ಒಂದಲ್ಲ, ಐದು. ನಾಲ್ಕು ಮೇಲೆ ಬಿಲ್ಲಿನಂತೆ, ಒಂದು ಕೆಳಗೆ ಪಕ್ಕಕ್ಕೆ. ಅಂಗೈಯನ್ನು ಅಗಲಿಸಿ ಕಿಟಕಿಗೆ ಒತ್ತಿದರೆ ಹೇಗೋ ಹಾಗೆ. ಅತ್ತೆಯ ಕೈಗಿಂತ ದೊಡ್ಡ ಕೈ. ಅವಳ ಬೆರಳು ತಡವಾಗಿ ಬಂದು, ಅದರ ತೋರುಬೆರಳಿನ ಚುಕ್ಕೆಯ ಮೇಲೆ, ತನ್ನ ಜಾಗದಲ್ಲಿ ಕೂತುಕೊಳ್ಳುವ ಹಾಗೆ ಕೂತಿತು. ಚುಕ್ಕೆಗಳು ಒಂದು ಸುತ್ತು ತಿರುಗಿದವು, ಬೆರಳು ಹಿಂದೆ ಹಿಂದೆ ಹೋಯಿತು. ಆಮೇಲೆ ಮೂರು ಸಲ ತಟ್ಟಿತು.

ನಾನು ಹಿಂದೆ ಸರಿದೆ. ಅತ್ತೆ ಮಾತ್ರ ಹಳೆಯ ಬಾಡಿಗೆದಾರರನ್ನು ನೋಡುವಂತೆ ಅದನ್ನು ನೋಡುತ್ತಿದ್ದಳು.

“ಇದಾ,” ಎಂದಳು. “ಇಷ್ಟು ದೊಡ್ಡದಿದೆ ಅಂತ ಗೊತ್ತಿರಲಿಲ್ಲ.”

“ನಿನಗೆ ಗೊತ್ತಿತ್ತಾ?”

“ಮೊದಲು ಅದು ಬರತ್ತೆ. ಆಮೇಲೆ ನನ್ನ ಬೆರಳನ್ನ ಕರೆಯತ್ತೆ. ಯಾವಾಗಲೂ ಹಾಗೇ. ನಮ್ಮಮ್ಮನ ಕೈ ಹಿಡ್ಕೊಂಡು ಕನ್ನಡಿ ಮೇಲೆ ಇಟ್ಟಾಗ, ಗಾಜು ಆ ಕಡೆಯಿಂದ ಬೆಚ್ಚಗಿತ್ತು ಕಣೆ. ಯಾರೋ ಆಗಲೇ ಕೈ ಇಟ್ಟು ಕಾಯ್ತಿದ್ದ ಹಾಗೆ.”

“ಯಾರು?”

“ನನಗೇನು ಗೊತ್ತು? ಕೇಳಿದ್ರೆ ಹೇಳತ್ತಾ ಅದು?” ಅವಳಿಗೆ ನಗು ಬಂತು, ಬಾಯಿಯ ಒಂದು ಬದಿಯಲ್ಲಿ ಮಾತ್ರ. “ಮುಚ್ಚು ಅದನ್ನ. ಆ ನದಿ ಹಾಕು.”

ಮುಟ್ಟುವ ಆಯ್ಕೆಯನ್ನು ಮುಚ್ಚಿದೆ. ಬೆರಳು ಗಾಜಿನ ಮೇಲೆ ಎಷ್ಟು ಗೀಚಿದರೂ ಇನ್ನು ಹರಿಗೋಲಿಗೆ ತಾಗದು. ಅತ್ತೆ ಎಡಗೈ ವಾಲಿಸಿದಳು. ಹರಿಗೋಲು ಬಂಡೆಯನ್ನು ಬಳಸಿತು, ಸುಳಿಯ ಅಂಚಿನಲ್ಲಿ ಜಾರಿ ತಪ್ಪಿಸಿಕೊಂಡಿತು, ತಿಳಿನೀರಿಗೆ ಬಂತು. ದಡದ ಮೇಲೆ ಒಂದು ಕೊಕ್ಕರೆ ಎದ್ದು ಹಾರಿತು.

“ವಾರಿ,” ಎಂದಳು ಅತ್ತೆ, ಪಿಸುಮಾತಿನಲ್ಲಿ. “ಇದು ನಾನೇನಾ ಮಾಡ್ತಿರೋದು?”

“ನೀನೇ ಅತ್ತೆ.”

“ನಾನೇ?”

“ನೀನಲ್ಲದೆ ಇನ್ಯಾರು? ನಾನಂತೂ ಮುಟ್ಟಿಲ್ಲ.”

ಅವಳು ಅಂದು ಊಟ ಬೇಡವೆಂದಳು. ಮರುದಿನ ಅತ್ತಿಗೆ ಗಂಜಿ ತಂದಾಗ, ತಾಳೇ, ಸೇತುವೆ ಬಂತು, ಸೇತುವೆ ದಾಟಲಿ ಎಂದು ಗದರಿದಳು. ಅತ್ತಿಗೆ ಬೆಪ್ಪಾಗಿ ನಿಂತಳು. ಭಾಗತ್ತೆ ಯಾರನ್ನೂ ಗದರಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ನನಗೆ ಶುರುವಾದದ್ದು ಅದಾದ ಮೇಲೆ. ಅಂಗಡಿಯಲ್ಲಿ ಚಹಾ ಕುಡಿದು ಲೋಟ ಕೆಳಗಿಟ್ಟೆ. ಬಿಸಿಲು ಬಿದ್ದಿತ್ತು. ಲೋಟದ ಗಾಜಿನ ಮೇಲೆ ಒಂದು ಬೆರಳಚ್ಚು. ಚಹಾ ತರುವವನದಿರಬೇಕು ಎಂದುಕೊಂಡೆ, ಆದರೆ ಆತ ಬರಿಗೈ, ಅದು ಬೀದಿಗೆಲ್ಲ ಗೊತ್ತು. ಲೋಟವನ್ನು ಒರೆಸಿ, ಮತ್ತೆ ಹಿಡಿದು, ಬಿಟ್ಟೆ. ನನ್ನ ಹೆಬ್ಬೆರಳಿನ ಸುಳಿ ನನ್ನನ್ನೇ ನೋಡುತ್ತಿತ್ತು. ಅದನ್ನು ಮೊದಲ ಬಾರಿ ನೋಡುತ್ತಿದ್ದೆ. ಚೆನ್ನಾಗಿಯೇ ಇತ್ತು. ಅದಕ್ಕೇ ನನಗೆ ಭಯವಾದದ್ದು.

ಬೆಳಿಗ್ಗೆ ಅತ್ತಿಗೆ ಕಾಫಿ ಕೊಡುತ್ತಾ ನಕ್ಕಳು. ಬಹಳ ದಿನವಾಗಿತ್ತು ಅವಳು ನಕ್ಕು. “ಚಿನ್ನಿ ಅತ್ತಳು ಅಂತ ಎದ್ದೆ. ನಿಮ್ಮ ಬೆರಳು ಹೊದಿಕೆ ಮೇಲೆ ಗೀಚ್ತಿತ್ತು ವಾರಿಜ. ಒಂದು ಸುತ್ತು. ಈಗಲೇ ಬರ್ತಿದೆ, ಒಳ್ಳೇದಾಯ್ತು ಬಿಡಿ, ಕಷ್ಟ ಆಗಲ್ಲ.”

“ತಟ್ತಾ?”

“ಏನು?”

“ಮೂರು ಸಲ ತಟ್ತಾ ಅಂತ ಕೇಳ್ದೆ.”

“ಇಲ್ಲಪ್ಪ. ಸುತ್ತು ಮಾತ್ರ.”

ಅಂಗಡಿಗೆ ಹೋಗಿ ನನ್ನದೇ ಯಂತ್ರ ತೆಗೆದೆ. ವರ್ಷಗಳಿಂದ ನನ್ನ ಮಣಿಕಟ್ಟಿಗೆ ಅದು, ಅದಕ್ಕೆ ನನ್ನ ಮಣಿಕಟ್ಟು ಒಗ್ಗಿಹೋಗಿತ್ತು. ಕಣ್ಣುಮುಚ್ಚಿಯೂ ಬಾಣದಿಂದ ಅಕ್ಷರ ಬರೆಯುತ್ತಿದ್ದೆ. ಬಾಣವನ್ನು ಎಡಕ್ಕೆ ಒಯ್ಯಲು ಹೋದೆ, ಅದು ಬಲಕ್ಕೆ ಜಾರಿತು. ಕಲ್ಲಿನ ಮೇಲಿಟ್ಟು ಸಮ ಕಲಿಸಿದೆ. ಎತ್ತಿಕೊಂಡೆ, ಮತ್ತೆ ಜಾರಿತು. ಹೇಮಕ್ಕ ತನ್ನ ತಾಯಿಯ ಪಟವೊಂದನ್ನು ಯಂತ್ರಕ್ಕೆ ಹಾಕಿಸಿಕೊಳ್ಳಲು ಬಂದಿದ್ದಳು, ನನ್ನ ಕೈಯಿಂದ ತೆಗೆದುಕೊಂಡು ವಾಲಿಸಿದಳು. ಬಾಣ ನೆಟ್ಟಗೆ ಹೋಯಿತು.

“ಯಂತ್ರ ಸರಿಯಾಗಿದೆಯಲ್ಲೇ,” ಎಂದಳು. ಆಮೇಲೆ ನನ್ನ ಮಣಿಕಟ್ಟು ನೋಡಿದಳು. ನಾನೂ ನೋಡಿದೆ. ಅದು ಚೂರೂ ಓರೆಯಾಗಿರಲಿಲ್ಲ, ಮರದಲ್ಲಿ ಕೆತ್ತಿದ ಹಾಗೆ ನಿಂತಿತ್ತು. ಹೇಮಕ್ಕ ಸೆರಗು ಹೊದ್ದುಕೊಂಡು, ಪಟದ ಮಾತು ಎತ್ತದೆ, ಮೆಟ್ಟಿಲಿಳಿದಳು. ಇಳಿದವಳು ತಿರುಗಿ ಹೇಳಿದಳು: “ನಮ್ಮ ಮಾವನೂ ಹುಡುಗನಾಗಿದ್ದಾಗ ಕೊಳಲು ಊದ್ತಿದ್ರಂತೆ. ನಮ್ಮತ್ತೆ ಹೇಳಿದ್ರು. ನನಗೆ ನಂಬಿಕೆ ಬರಲಿಲ್ಲ.”

ಅವಳು ಹೋದಮೇಲೆ ಬಾಗಿಲು ಓರೆ ಮಾಡಿ ಪರೀಕ್ಷೆಯ ಪುಟ ತೆರೆದೆ. ಯಂತ್ರ ಮೇಜಿನ ಮೇಲಿತ್ತು, ನನ್ನ ಕೈಗಳು ಬೆನ್ನ ಹಿಂದೆ. ಐದು ಚುಕ್ಕೆಗಳು ಇದ್ದವು. ನಾನು ಎಡಕ್ಕೆ ಸರಿದೆ. ಅವು ಪರದೆಯ ಎಡ ಅಂಚಿಗೆ ಬಂದವು. ಬಲಕ್ಕೆ ಸರಿದೆ. ಬಲಕ್ಕೆ ಬಂದವು, ಅವಸರವಿಲ್ಲದೆ, ಮನೆಯೊಳಗೆ ಓಡಾಡುವವರನ್ನು ಕಿಟಕಿಯಿಂದ ನೋಡುವವರ ಹಾಗೆ. ಮೇಜಿನ ಮೇಲಿದ್ದ ಬೇರೆ ಯಂತ್ರಗಳಲ್ಲೂ ತೆರೆದು ನೋಡಬಹುದಿತ್ತು. ನೋಡಲಿಲ್ಲ.

ಓಡಿಹೋಗಬಹುದಿತ್ತು ಎಂದು ನೀವು ಅನ್ನಬಹುದು. ಕೈ ಇನ್ನೂ ಪೂರ್ತಿ ಬಂದಿರಲಿಲ್ಲ, ಗಡಿ ದಾಟಬಹುದಿತ್ತು. ಯೋಚನೆಯನ್ನೂ ಮಾಡಿದೆ. ಆದರೆ ಮನೆಗೆ ಬಂದರೆ ಚಿನ್ನಿ ನಿಲುಗನ್ನಡಿಯ ಮುಂದೆ ಅಂಬೆಗಾಲಿಟ್ಟು ಕೂತಿರುತ್ತಿತ್ತು. ಒಳಗಿನ ಮಗುವಿಗೆ ತನ್ನ ಬಿಸ್ಕತ್ತು ಕೊಡುವುದು, ಅದು ತೆಗೆದುಕೊಳ್ಳದಿದ್ದರೆ ಆಶ್ಚರ್ಯಪಡುವುದು, ತಾನೇ ಒಂದು ಸಲ ಚೀಪಿ ಮತ್ತೆ ಕೊಡುವುದು. ಬಾಗಿಲಲ್ಲಿ ನಿಂತು ಕೇಳಿದ ನೀಲಾಳ ಮುಖ ನೆನಪಾಗುತ್ತಿತ್ತು. ನನ್ನ ಮಣಿಕಟ್ಟಿನ ಒಂದು ಓರೆಗಾಗಿ ಈ ಮಗು ತನ್ನ ಮುಖ ಕಳೆದುಕೊಳ್ಳಬೇಕೇ? ಅತ್ತೆಯೂ ತನ್ನ ತಮ್ಮನಿಗಾಗಿ ಹೀಗೆಯೇ ಲೆಕ್ಕ ಹಾಕಿರಬೇಕು. ಅಜ್ಜಿಯೂ. ಕೈ ನಮ್ಮ ಮನೆಯಲ್ಲಿ ಇಷ್ಟು ಕಾಲ ಉಳಿದದ್ದು ಹೀಗೆಯೇ ಇರಬೇಕು.

ಒಪ್ಪಿಸುವ ದಿನ ಬಿಸಿಲು ಚೆನ್ನಾಗಿತ್ತು. ಕಾರ್ಯ ನಡುಹಗಲಲ್ಲೇ ಆಗಬೇಕು, ಗಾಜು ಚೆನ್ನಾಗಿ ಬೆಳಗುವಾಗ. ಅಣ್ಣ ನಿಲುಗನ್ನಡಿಯನ್ನು ಗೋಡೆಯಿಂದ ಇಳಿಸಿ, ಅಕ್ಕಿ ಹರಡಿದ ಮಣೆಯ ಮೇಲೆ ಅಂಗಾತ ಮಲಗಿಸಿದ. ಸೂರಿನ ತೊಲೆಗಳು ಅದರೊಳಗೆ ಇಳಿದು ನಿಂತವು, ಬಾವಿಯಲ್ಲಿ ಕಾಣುವ ಹಾಗೆ. ಅತ್ತಿಗೆ ಬೆಲ್ಲದ ತಟ್ಟೆ ತಂದಳು. ಬಸಲಿಂಗಯ್ಯನವರು ಮಡಿಪಂಚೆ ಉಟ್ಟು ಬಂದು ಮಣೆಯ ಪಕ್ಕ ಕೂತರು. ಹೇಮಕ್ಕ ಬಾಗಿಲ ಮರೆಯಲ್ಲಿ ನಿಂತಿದ್ದಳು. ಮಾಡಬೇಕಾದದ್ದು ಇಷ್ಟೇ: ಕೊಡುವವರ ಅಂಗೈ ಗಾಜಿನ ಮೇಲೆ, ಪಡೆಯುವವರ ಅಂಗೈ ಅದರ ಮೇಲೆ. ಕೊಡುವವರು ಮೆಲ್ಲಗೆ ಕೈ ಎಳೆದುಕೊಳ್ಳುತ್ತಾರೆ, ಪಡೆಯುವವರ ಕೈ ಗಾಜಿನ ಮೇಲೆ ಬೀಳುತ್ತದೆ. ಬಾಯಿಗೆ ಬೆಲ್ಲ.

ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದಿದ್ದೆವು. ಮಡಿಲಲ್ಲಿ ದಿಂಬು, ದಿಂಬಿನ ಮೇಲೆ ಯಂತ್ರ. ಅದನ್ನು ಬಿಟ್ಟು ಬಾ ಎಂದರೆ ಬಂದಿರಲಿಲ್ಲ. ತನ್ನ ಬಲಗೈಗೆ ಹಳೆಯ ಸೀರೆಯ ತುಂಡೊಂದನ್ನು ಸುತ್ತಿ ಸುತ್ತಿ ಕಟ್ಟಿಕೊಂಡಿದ್ದಳು. ಒಂದೇ ಕೈಯಲ್ಲಿ, ಹಲ್ಲಿನಲ್ಲಿ ಎಳೆದು ಕಟ್ಟಿದ ಗಂಟು. ಚಳಿ ಎಂದಿದ್ದಳು. ಗಂಟಿನೊಳಗೆ ಬೆರಳು ಮಿಸುಕುತ್ತಿತ್ತು, ಚೀಲದೊಳಗಿನ ಇಲಿಯ ಹಾಗೆ.

“ಭಾಗಮ್ಮ, ಹೊತ್ತಾಯ್ತು. ಬಟ್ಟೆ ಬಿಚ್ಚಿ,” ಎಂದರು ಬಸಲಿಂಗಯ್ಯನವರು.

“ತಾಳಿ. ಮಡು ದಾಟ್ತಿದೀನಿ.”

“ಏನು ದಾಟ್ತಿದೀರಿ?”

“ಹರಿಗೋಲಿನ ಆಟ,” ಎಂದ ಅಣ್ಣ, ನಾಚಿಕೆಯಿಂದ. “ಅತ್ತೆ, ಆಮೇಲೆ ಆಡುವೆಯಂತೆ. ಇವರು ಕಾಯ್ತಿದಾರೆ.”

“ಕಾಯಲಿ. ಅದೂ ಕಾಯ್ತಿದೆಯಲ್ಲ,” ಎಂದಳು ಅತ್ತೆ, ಯಂತ್ರದಿಂದ ಕಣ್ಣೆತ್ತದೆ.

ಎಲ್ಲರೂ ಕನ್ನಡಿಯ ಕಡೆ ನೋಡಿದರು. ನಾನು ಮೊದಲೇ ನೋಡಿದ್ದೆ. ತೊಲೆಗಳ ನೆರಳಿನ ಮೇಲೆ ಗಾಜಿನಲ್ಲಿ ಐದು ಕಡೆ ಮಬ್ಬು ಕಟ್ಟಿತ್ತು. ಮಬ್ಬಿನ ನಡುವೆ ಬಿಳಿಚಿದ ಐದು ತುದಿಗಳು, ಯಾರಾದರೂ ಆ ಕಡೆಯಿಂದ ಬೆರಳು ಒತ್ತಿದರೆ ರಕ್ತ ಸರಿದು ಬಿಳಿಚುವ ಹಾಗೆ. ಬಸಲಿಂಗಯ್ಯನವರು ಅದನ್ನು ಕಂಡರು, ಕಂಡರೆಂದು ನನಗೆ ಖಂಡಿತ ಗೊತ್ತು, ಏಕೆಂದರೆ ಅವರ ಬಲಗೈ ತೊಡೆಯ ಮೇಲಿಂದ ತಾನಾಗಿ ಎದ್ದು ಕನ್ನಡಿಯ ಕಡೆ ಹೊರಟಿತು. ಅವರು ಎಡಗೈಯಿಂದ ಅದನ್ನು ಹಿಡಿದು ಮತ್ತೆ ತೊಡೆಯ ಮೇಲೆ ಒತ್ತಿಕೊಂಡರು. “ಬೇಗ ಆಗಲಿ,” ಎಂದರು.

ಚಿನ್ನಿ ಅತ್ತಿಗೆಯ ಮಡಿಲಿಂದ ಜಾರಿ ಮಣೆಯ ಹತ್ತಿರ ಅಂಬೆಗಾಲಿಟ್ಟಿತು. ಕನ್ನಡಿಯೊಳಗೆ ಬಗ್ಗಿ ತನ್ನನ್ನು ಕಂಡು ನಕ್ಕಿತು. ಅತ್ತಿಗೆ ಅದನ್ನು ಎಳೆದುಕೊಂಡು ನನ್ನನ್ನು ನೋಡಿದಳು. ಈ ಬಾರಿ ನೋಡಿದಳು.

ನಾನು ಮಣೆಯ ಮುಂದೆ ಮಂಡಿಯೂರಿದೆ. ಅಂಗೈ ಚಾಚಿದೆ. ಅದು ಚಾಚಿಕೊಂಡದ್ದು ಎಷ್ಟು ಸಲೀಸಾಗಿತ್ತೆಂದರೆ ನಾನೇ ಚಾಚಿದೆನೋ ಇಲ್ಲವೋ ಈಗಲೂ ಹೇಳಲಾರೆ. ಗಾಜಿನಿಂದ ಬೆಚ್ಚನೆಯ ಹವೆ ಏಳುತ್ತಿತ್ತು.

“ಕೊಡು ಅತ್ತೆ,” ಅಂದೆ. “ಪರವಾಗಿಲ್ಲ. ನಾನು ತಗೋತೀನಿ.”

ಯಂತ್ರದಿಂದ ಸಣ್ಣದೊಂದು ಗೆಲುವಿನ ದನಿ ಬಂತು. ಅತ್ತೆ ಮಡು ದಾಟಿದ್ದಳು. ಅವಳು ಎಡ ಹೆಬ್ಬೆರಳನ್ನು ಕಡ್ಡಿಯಿಂದ ಎತ್ತಿದಳು, ಎಡಗೈಯಿಂದ ನನ್ನ ಚಾಚಿದ ಕೈಯ ಮಣಿಕಟ್ಟನ್ನು ಹಿಡಿದಳು. ಆ ಹಿಡಿತ ನನಗೆ ಗೊತ್ತಿರಲಿಲ್ಲ. ಅದು ಗಿಳಿಯನ್ನು ಹೆಣೆದ ಕೈ. ಅವಳು ನನ್ನ ಮಣಿಕಟ್ಟನ್ನು ಮೆಲ್ಲಗೆ ಒಂದು ಕಡೆಗೆ ವಾಲಿಸಿದಳು, ತುಂಬಿದ ಸಾರಿನ ಪಾತ್ರೆಯನ್ನು ವಾಲಿಸುವ ಹಾಗೆ. ಬೀಗ ಹಾಕಿದ್ದ ಏನೋ ಒಂದು ಒಳಗೆ ಚಟಕ್ಕೆಂದಿತು, ನೋವಾಯಿತು.

ಬಟ್ಟೆ ಸುತ್ತಿದ ಬಲಗೈ ಅವಳ ತೊಡೆಯ ಮೇಲೆ ಒದ್ದಾಡುತ್ತಿತ್ತು. ಅವಳು ಅದರ ಕಡೆ ನೋಡಲಿಲ್ಲ. ಅಣ್ಣನ ಕಡೆ, ಬಸಲಿಂಗಯ್ಯನವರ ಕಡೆ ನೋಡಲಿಲ್ಲ. ಮಗುವಿನ ಕಡೆ ಒಮ್ಮೆ ನೋಡಿದಳು, ತುಂಬ ಹೊತ್ತು. ಆಮೇಲೆ ನನ್ನ ಮಣಿಕಟ್ಟು ಬಿಡದೆ ಬಗ್ಗಿ ಕನ್ನಡಿಯೊಳಕ್ಕೆ, ಆ ಐದು ಬಿಳಿಯ ತುದಿಗಳಿಗೆ, ಬಾಗಿಲಿಗೆ ಬಂದವರಿಗೆ ಹೇಳುವ ಹಾಗೆ ಹೇಳಿದಳು.

“ಇಲ್ಲ. ಇವಳನ್ನ ಕೊಡಲ್ಲ.”